ಹದಿನೈದು ವರ್ಷ ತುಂಬಿದ ಕಾರು ಗುಜರಿಗೇ ಹೋಗಬೇಕಾ?

ಮಾನ್ಯ ಸಂಪಾದಕರೇ,

ಬಳ್ಳಾರಿಯಲ್ಲಿ ಹಳೇ ಸಣ್ಣ ಕಾರು ಇಟ್ಟುಕೊಂಡವರಿಗೆಲ್ಲ ಈಗ ಒಂದೇ ಭಯ. ಹದಿನೈದು ವರ್ಷ ತುಂಬಿದರೆ ಸರ್ಕಾರದವರು ಗಾಡಿ ಎತ್ತಿಕೊಂಡು ಹೋಗುತ್ತಾರಂತೆ! ಈ ಭಯವನ್ನೇ ಬಂಡವಾಳ ಮಾಡಿಕೊಂಡು ದಲ್ಲಾಳಿಗಳು ಮನೆ ಬಾಗಿಲಿಗೆ ಬರುತ್ತಿದ್ದಾರೆ. ನನ್ನ 2008ರ ಸ್ಯಾಂಟ್ರೋ ನೋಡಿ ಒಬ್ಬರು, "ಗುಜರಿ ರೇಟಿಗೆ ಕೊಟ್ಬಿಡಿ ಮೇಡಂ, ಇನ್ನು ರೋಡಿಗೆ ಇಳಿಸೋ ಹಾಗಿಲ್ಲ" ಅಂದರು. ಅದರ ಆರ್‌ಸಿ ನವೀಕರಣವಾಗಿ ಆಗಲೇ ಎಷ್ಟೋ ದಿನ ಆಗಿತ್ತು. ತೋರಿಸಿದೆ. ಚಹಾ ಕುಡಿದು ಹೋದರು.

ಎರಡು ಬೇರೆ ಬೇರೆ ಸುದ್ದಿ ಸೇರಿ ಈ ಗೊಂದಲ ಆಗಿದೆ ಅಂತ ನನ್ನ ಅನಿಸಿಕೆ. 10 ವರ್ಷದ ಡೀಸೆಲ್, 15 ವರ್ಷದ ಪೆಟ್ರೋಲ್ ಗಾಡಿಗಳ ಮೇಲಿನ ನಿರ್ಬಂಧ ದೆಹಲಿ ಮತ್ತು ಅದರ ಸುತ್ತಲಿನ ಪ್ರದೇಶಕ್ಕೆ ಬಂದದ್ದು. 2023ರ ಏಪ್ರಿಲ್ 1ರಿಂದ 15 ವರ್ಷ ಮೀರಿದರೆ ಗುಜರಿ ಅಂತ ಆಗಿರುವುದು ಸರ್ಕಾರಿ ವಾಹನಗಳಿಗೆ. ನಮ್ಮ ನಿಮ್ಮ ಸ್ವಂತ ಕಾರಿಗೆ ಹದಿನೈದು ವರ್ಷ ಅನ್ನೋದು ನೋಂದಣಿಯ ಅವಧಿ, ಅಷ್ಟೇ. ಗಾಡಿ ಸರಿ ಇದ್ದರೆ ಐದೈದು ವರ್ಷಕ್ಕೆ ನವೀಕರಣ ಮಾಡಿಸಿಕೊಂಡು ಓಡಿಸಬಹುದು.

ಹಾಗಾದರೆ ಸಣ್ಣ ಕಾರು ನಿಜಕ್ಕೂ ಎಷ್ಟು ವರ್ಷ ಬಾಳುತ್ತೆ? ಮಾರುತಿ 800 ತಯಾರಿಕೆ ನಿಂತದ್ದು 2014ರಲ್ಲಿ. ಅದಕ್ಕಿಂತ ಎಷ್ಟೋ ಹಿಂದಿನ ಗಾಡಿಗಳು ಈಗಲೂ ಬ್ರೂಸ್‌ಪೇಟೆ ಗಲ್ಲಿಗಳಲ್ಲಿ ತಿರುಗುತ್ತಿವೆ. ಚೆನ್ನಾಗಿ ನೋಡಿಕೊಂಡರೆ ಸಣ್ಣ ಪೆಟ್ರೋಲ್ ಇಂಜಿನ್‌ಗೆ ಎರಡು ಲಕ್ಷ ಕಿ.ಮೀ. ದೊಡ್ಡ ಮಾತಲ್ಲ. ನಾನು ತೋರಣಗಲ್ಲು ಕಡೆಯ ಪ್ರೌಢಶಾಲೆಯಲ್ಲಿ ಪಾಠ ಮಾಡುತ್ತಿದ್ದಾಗ ದಿನಾ ಇದೇ ಕಾರಿನಲ್ಲಿ ಹೋಗಿ ಬರುತ್ತಿದ್ದೆ. ಮೀಟರ್ ಎರಡು ಲಕ್ಷದ ಹತ್ತಿರ ಬಂದಿದೆ. ಇಂಜಿನ್ ಇನ್ನೂ ಬಿಚ್ಚಿಸಿಲ್ಲ.

ನಮ್ಮ ಕಡೆ ಕಾರಿನ ಆಯಸ್ಸು ತಿನ್ನುವುದು ನೀರು. ಕೌಲ್ ಬಜಾರಿನ ಗ್ಯಾರೇಜಿನಲ್ಲಿ ಒಮ್ಮೆ ಕಣ್ಣಾರೆ ನೋಡಿದೆ. ಯಾರದೋ ಕಾರು, ನನ್ನದಕ್ಕಿಂತ ಎಷ್ಟೋ ಹೊಸದು, ಬಿಸಿಯಾಗಿ ನಿಂತುಹೋಗಿತ್ತು. ಮೆಕ್ಯಾನಿಕ್ ರೇಡಿಯೇಟರ್ ಮೇಲಿನ ಪೈಪ್ ಕಿತ್ತು, ಸ್ಕ್ರೂಡ್ರೈವರ್‌ನಿಂದ ಬಾಯಿ ಕೆರೆದ. ಬಚ್ಚಲ ಹಂಡೆಯ ತಳದಲ್ಲಿ ಕಟ್ಟುತ್ತಲ್ಲ, ಅದೇ ಬಿಳಿ ಹಕ್ಕಳೆ, ತುಕ್ಕಿನ ಜೊತೆ ಸೇರಿ ಉದುರಿತು. "ಬೋರ್ ನೀರು ಮೇಡಂ. ಹತ್ರುಪಾಯಿ ಉಳಿಸೋಕೆ ಹೋಗಿ ಇಂಜಿನ್ ಹೆಡ್ ಇಳಿಸೋ ಹಾಗಾಯ್ತು" ಅಂದ. ನಮ್ಮ ಗಡಸು ನೀರು ರೇಡಿಯೇಟರ್‌ನ ಸಣ್ಣ ಕೊಳವೆಗಳನ್ನು ಕಟ್ಟಿಬಿಡುತ್ತೆ. ಏಪ್ರಿಲ್, ಮೇ ಬಿಸಿಲಿನಲ್ಲಿ ಎಸಿ ಹಾಕಿಕೊಂಡು ರೈಲ್ವೆ ಗೇಟಿನ ಹತ್ತಿರ ನಿಂತರೆ ಸಾಕು, ಬಿಸಿ ತೋರಿಸುವ ಮುಳ್ಳು ಮೇಲೇರುತ್ತೆ. ಹೆಡ್ ಗ್ಯಾಸ್ಕೆಟ್, ಅಂದರೆ ಇಂಜಿನ್ ಹೆಡ್ ಕೆಳಗಿನ ಸೀಲು, ಹೋದರೆ ಹಳೇ ಕಾರಿನ ಕಥೆ ಬಹುಪಾಲು ಅಲ್ಲಿಗೆ ಮುಗಿಯಿತು. ರೇಡಿಯೇಟರ್‌ಗೆ ಬೋರ್ ನೀರಿನ ಬದಲು ಕೂಲೆಂಟ್ ಹಾಕಿ. ನೀರು ಬೆರೆಸಬೇಕಾದ ಗಟ್ಟಿ ಕೂಲೆಂಟ್ ಆದರೆ ಡಿಸ್ಟಿಲ್ಡ್ ವಾಟರ್‌ನಲ್ಲೇ ಬೆರೆಸಿ. ಇನ್ನೊಂದು ಕೆಟ್ಟ ರೂಢಿ ಇದೆ. "ಈ ಊರ ಬಿಸಿಲಿಗೆ ಥರ್ಮೋಸ್ಟಾಟ್ ಯಾಕೆ ಬೇಕು?" ಅಂತ ಕೆಲವರು ಇಂಜಿನ್ ಬಿಸಿಯನ್ನು ಹದದಲ್ಲಿಡುವ ಆ ಭಾಗವನ್ನೇ ಕಿತ್ತು ಬಿಸಾಡುತ್ತಾರೆ. ಅದಿಲ್ಲದಿದ್ದರೆ ಇಂಜಿನ್ ಹದಕ್ಕೆ ಬರೋಕೆ ಜಾಸ್ತಿ ಹೊತ್ತು ಬೇಕು. ಪೆಟ್ರೋಲೂ ಜಾಸ್ತಿ, ಸವೆತವೂ ಜಾಸ್ತಿ.

ಆಮೇಲೆ ಧೂಳು. ಅದಿರು ಲಾರಿಗಳ ಹಿಂದೆ ಕುಡತಿನಿವರೆಗೆ ಹೋಗಿಬಂದು ಏರ್ ಫಿಲ್ಟರ್ ತೆಗೆದು ನೋಡಿ, ಕೆಂಪಗೆ ಆಗಿರುತ್ತೆ. ಸರ್ವಿಸ್ ಪುಸ್ತಕದಲ್ಲಿ ಫಿಲ್ಟರ್ ಬದಲಿಸೋಕೆ ಧೂಳಿನ ರಸ್ತೆಯವರಿಗೆ ಬೇರೆ ಲೆಕ್ಕ ಕೊಟ್ಟಿರುತ್ತಾರೆ. ಯಾರೂ ಆ ಪುಟ ತೆಗೆಯಲ್ಲ. "ಜಾಡಿಸಿ ಹಾಕಿದೀನಿ" ಅನ್ನುವ ಮೆಕ್ಯಾನಿಕ್ ಮಾತಿಗೆ ಸುಮ್ನೆ ತಲೆ ಆಡಿಸಬೇಡಿ, ಹೊಸದು ಹಾಕಿಸಿ.

ಟೈಮಿಂಗ್ ಬೆಲ್ಟ್ (ಇಂಜಿನ್‌ನ ವಾಲ್ವ್‌ಗಳನ್ನು ಹೊತ್ತಿಗೆ ಸರಿಯಾಗಿ ಆಡಿಸುವ ರಬ್ಬರ್ ಬೆಲ್ಟ್) ಇರುವ ಇಂಜಿನ್ ಆದರೆ, ಮಾದರಿ ನೋಡಿಕೊಂಡು 60 ಸಾವಿರದಿಂದ 1 ಲಕ್ಷ ಕಿ.ಮೀ. ಒಳಗೆ ಬೆಲ್ಟ್ ಬದಲಿಸಲೇಬೇಕು. ಓಡಿಸಿದ್ದು ಕಡಿಮೆ ಅಂತ ಬಿಡೋ ಹಾಗಿಲ್ಲ, ರಬ್ಬರಿಗೂ ವಯಸ್ಸಾಗುತ್ತೆ. ಸ್ಯಾಂಟ್ರೋದಂಥ ಗಾಡಿಯಲ್ಲಿ ಬೆಲ್ಟ್ ಕಡಿದರೆ ವಾಲ್ವ್‌ಗಳು ಬಾಗಿ ಕೂರುತ್ತವೆ. ಟೈರೂ ಅಷ್ಟೇ. ಪಕ್ಕದ ಗೋಡೆಯಲ್ಲಿ ನಾಲ್ಕು ಅಂಕಿ ಇರುತ್ತೆ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಮೇಲಿನ ಗೀರು ಸವೆಯದೆ ಎಷ್ಟೇ ಉಳಿದಿದ್ದರೂ ನಮ್ಮ ಬಿಸಿಲಿಗೆ ಅಂಥ ಹಳೇ ಟೈರ್ ನಂಬಬಾರದು.

ಒಂದು ವಿಷಯದಲ್ಲಿ ನಾವು ಪುಣ್ಯವಂತರು. ಮಂಗಳೂರು, ಕಾರವಾರದ ಕಡೆ ಉಪ್ಪುಗಾಳಿಗೆ ಇಂಜಿನ್‌ಗಿಂತ ಮೊದಲು ಬಾಡಿ ಸಾಯುತ್ತೆ. ನಮ್ಮದು ಒಣ ಹವೆ, ತುಕ್ಕು ಕಡಿಮೆ. ಹಳೇ ಕಾರು ಕೊಳ್ಳುವವರು ಬರೀ ಮೀಟರ್ ನೋಡಬೇಡಿ. ಬಗ್ಗಿ ಅಡಿಭಾಗ ನೋಡಿ, ಗಾಡಿ ಯಾವ ಊರಲ್ಲಿ ಬಾಳಿದ್ದು ಅಂತ ಕೇಳಿ. ಸಾಮಾನು ಸಿಗುತ್ತಾ ಅಂತಲೂ ವಿಚಾರಿಸಿ. ಷೆವರ್ಲೆ ಇಲ್ಲಿ ಮಾರಾಟ ನಿಲ್ಲಿಸಿದ್ದು 2017ರಲ್ಲಿ. ಮಾರುತಿಯ ಸಾಮಾನು ಸಿಗುವಷ್ಟು ಸುಲಭಕ್ಕೆ ಅದರದು ಸಿಗಲ್ಲ.

ಹಳೇ ಕಾರೇ ಸಾಕು ಅಂತ ಹಟ ಮಾಡುತ್ತಿಲ್ಲ. ನನ್ನ ಗಾಡಿಗೆ ಏರ್‌ಬ್ಯಾಗ್ ಇಲ್ಲ, ಗಟ್ಟಿ ಬ್ರೇಕ್ ಹಾಕಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ಎಬಿಎಸ್ ಇಲ್ಲ. ಇವೆಲ್ಲ ಹೊಸ ಕಾರುಗಳಿಗೆ ಕಡ್ಡಾಯವಾದದ್ದೇ 2019ರಲ್ಲಿ. ಮಗ ಇದನ್ನೇ ಹಿಡಿದು ಜಗಳ ಆಡುತ್ತಾನೆ, ಅವನ ಮಾತಲ್ಲಿ ಹುರುಳಿದೆ. ಅದಕ್ಕೇ ಹೊಸಪೇಟೆ ಹೆದ್ದಾರಿಗೆ ರಾತ್ರಿ ಹೊತ್ತು ಇದನ್ನು ಇಳಿಸುವುದಿಲ್ಲ. ಊರೊಳಗಿನ ತರಕಾರಿ, ಆಸ್ಪತ್ರೆ, ಮದುವೆ ಮನೆಗೆ ಧಾರಾಳ ಸಾಕು. ಆಯಿಲ್ ಕುಡಿಯೋಕೆ ಶುರು ಮಾಡಿ ನೀಲಿ ಹೊಗೆ ಬಂದರೆ, ಇಲ್ಲ ಅಡಿಯ ಕಬ್ಬಿಣ ಟೊಳ್ಳಾದರೆ, ಅವತ್ತೇ ಬಿಟ್ಟುಬಿಡುತ್ತೇನೆ.

ಸಾರಿಗೆ ಇಲಾಖೆಗೆ ನನ್ನದೊಂದು ಬೇಡಿಕೆ. ಬಳ್ಳಾರಿ, ಕೊಪ್ಪಳ, ರಾಯಚೂರಿನ ಕಚೇರಿಗಳ ಹೊರಗೆ ದೊಡ್ಡಕ್ಷರದಲ್ಲಿ, ಕನ್ನಡದಲ್ಲಿ ಒಂದು ಬೋರ್ಡ್ ಹಾಕಿಸಲಿ. ನವೀಕರಣಕ್ಕೆ ಫಾರಂ 25, ಅವಧಿ ಮುಗಿಯುವ ಮೊದಲಿನ 60 ದಿನಗಳಲ್ಲಿ ಅರ್ಜಿ ಹಾಕಬಹುದು, ಕಾರಿಗೆ ಶುಲ್ಕ 5,000 ರೂಪಾಯಿ, 20 ವರ್ಷ ದಾಟಿದ್ದಕ್ಕೆ 10,000, ತಡ ಮಾಡಿದರೆ ತಿಂಗಳಿಗೆ 500 ದಂಡ. ಇಷ್ಟು ಬರೆದಿದ್ದರೆ ದಲ್ಲಾಳಿಗಳ ಮಾತು ನಂಬಿ ಓಡುವ ಗಾಡಿಯನ್ನು ತೂಕಕ್ಕೆ ಮಾರುವುದು ತಪ್ಪುತ್ತೆ.

— ನಿವೃತ್ತ ಪ್ರೌಢಶಾಲಾ ಶಿಕ್ಷಕಿ, ಬಳ್ಳಾರಿ