ಮೆಲ್ಲಗೆ ಹಾಡಿದವರು ಸೋತವರಲ್ಲ

ಸಂಪಾದಕರೇ, ನಮಸ್ಕಾರ.

ನಿಮ್ಮ ಭಾನುವಾರದ ಪುರವಣಿಯಲ್ಲಿ ನಾರ್ವೆಯ ಕಿಂಗ್ಸ್ ಆಫ್ ಕನ್ವೀನಿಯನ್ಸ್ ಎಂಬ ಬ್ಯಾಂಡಿನ ಬಗ್ಗೆ ಬಂದ ಬರಹ ಓದಿದೆ. ಕನ್ನಡ ಪತ್ರಿಕೆಯಲ್ಲಿ ಆ ಹೆಸರು ಕಂಡದ್ದೇ ಖುಷಿ. ಆದರೆ ಓದುತ್ತಾ ಹೋದಂತೆ ತಲೆ ಬಿಸಿಯಾಯಿತು. ಇಪ್ಪತ್ತು ವರ್ಷದಲ್ಲಿ ನಾಲ್ಕೇ ಆಲ್ಬಂ ಮಾಡಿದರು, ಸೋಮಾರಿಗಳು, ಬಂದ ಅವಕಾಶ ಕೈಬಿಟ್ಟರು ಎಂಬ ಧಾಟಿಯಲ್ಲಿ ಬರೆದಿದ್ದಾರೆ. ಇದನ್ನು ಸುಮ್ನೆ ಬಿಡಲು ಮನಸ್ಸಾಗಲಿಲ್ಲ.

ನಾನು ಸಂಗೀತ ಕಲಿತವನಲ್ಲ. ಕುಂಬಳೆಯಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುವವನು. ಜಾತ್ರೆ, ಯಕ್ಷಗಾನ, ಮದುವೆ, ಶಾಲೆಯ ವಾರ್ಷಿಕೋತ್ಸವ, ಎಲೆಕ್ಷನ್ ಬಂದರೆ ಜೀಪಿನ ಮೇಲೆ ಹಾರ್ನ್ ಕಟ್ಟುವುದು, ಎಲ್ಲವೂ ಉಂಟು. ಮೇ ತಿಂಗಳ ಕೊನೆಗೆ ಬರುವ ಪತ್ತನಾಜೆಗೆ ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ ನಮಗೂ ಕೆಲಸ ಕಮ್ಮಿ. ಮಳೆಗಾಲ ಇಡೀ ಸ್ಪೀಕರ್ ಬಾಕ್ಸ್ ಒಣಗಿಸುವುದು, ತುಂಡಾದ ಕೇಬಲಿಗೆ ಸೋಲ್ಡರ್ ಹಾಕುವುದು, ಹಾಡು ಕೇಳುವುದು. ರಿಪೇರಿಯಾದ ಸ್ಪೀಕರಿನ ಪರೀಕ್ಷೆಗೆ ನಾನು ಹಾಕುವುದು ಇವರ ಹಾಡುಗಳನ್ನೇ. ಡಿಜೆ ಹಾಡಿನಲ್ಲಿ ಹರಿದ ಕೋನ್ ಕೂಡ ಪಾಸಾಗಿಬಿಡುತ್ತದೆ. ಇವರ ಹಾಡಿನಲ್ಲಿ ಹಾಗೆ ಆಗುವುದಿಲ್ಲ. ಎಲ್ಲೋ ಒಂದು ಕಡೆ ಚೂರು ಕರಕರ ಅಂದರೂ ಕಿವಿಗೆ ಬಿದ್ದೇ ಬೀಳುತ್ತದೆ.

ಮೊದಲು ಒಂದು ತಿದ್ದುಪಡಿ. ಬರಹದ ಜೊತೆ ಹಾಕಿದ ನಾಲ್ಕು ಜನರ ಫೋಟೋ ಈ ಬ್ಯಾಂಡಿನದ್ದಲ್ಲ. ಕಿಂಗ್ಸ್ ಆಫ್ ಕನ್ವೀನಿಯನ್ಸ್ ಅಂದರೆ ಇಬ್ಬರೇ, ಎರ್ಲೆಂಡ್ ಓಯೆ ಮತ್ತು ಐರಿಕ್ ಗ್ಲಾಂಬೆಕ್ ಬೋಯೆ. ನೀವು ಹಾಕಿದ್ದು ದ ವೈಟೆಸ್ಟ್ ಬಾಯ್ ಅಲೈವ್ ಎಂಬ ಬ್ಯಾಂಡಿನ ಫೋಟೋ. ಅದು ಎರ್ಲೆಂಡ್ ಬರ್ಲಿನ್‌ನಲ್ಲಿದ್ದಾಗ ಕಟ್ಟಿಕೊಂಡದ್ದು. ಕನ್ನಡಕ ಹಾಕಿಕೊಂಡ ಆ ಸಪೂರದ ಉದ್ದ ಮನುಷ್ಯ ಎರಡರಲ್ಲೂ ಇರುವುದರಿಂದ ಗೊಂದಲ ಆಗಿರಬೇಕು.

ಇಬ್ಬರೂ ಬರ್ಗೆನ್ ಪಟ್ಟಣದವರು, 1975ರಲ್ಲಿ ಹುಟ್ಟಿದವರು, ಹುಡುಗರಾಗಿದ್ದಾಗಿನಿಂದ ಗೆಳೆಯರು. ಹದಿಹರೆಯದಲ್ಲಿ ಸ್ಕೋಗ್ ಎಂಬ ಬ್ಯಾಂಡಿನಲ್ಲಿ ಒಟ್ಟಿಗೆ ಇದ್ದರು. ಬರ್ಗೆನ್ ಮಳೆಗೆ ಹೆಸರಾದ ಊರು. ನಮ್ಮ ಕಾಸರಗೋಡಿನಲ್ಲಿ ಅದಕ್ಕಿಂತ ಜಾಸ್ತಿ ಮಳೆ ಬೀಳುತ್ತದೆ, ಆದರೆ ನಾಲ್ಕು ತಿಂಗಳಲ್ಲಿ ಸುರಿದು ಮುಗಿಸುತ್ತದೆ. ಅಲ್ಲಿಯದ್ದು ವರ್ಷ ಇಡೀ ಜಿನುಗುವ ಜಾತಿ. 2001ರಲ್ಲಿ ಇವರ 'ಕ್ವಾಯಟ್ ಇಸ್ ದ ನ್ಯೂ ಲೌಡ್' ಆಲ್ಬಂ ಬಂತು. ಮೆಲ್ಲಗಿರುವುದೇ ಈಗಿನ ಜೋರು ಎಂದು ಅದರ ಅರ್ಥ. ಎರಡು ಗಿಟಾರ್, ಎರಡು ಸ್ವರ. ಅಲ್ಲಲ್ಲಿ ಚೂರು ಪಿಯಾನೋ, ತಂತಿ ವಾದ್ಯ. ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಅದನ್ನು ಮಾಡಿಸಿದ ಕೆನ್ ನೆಲ್ಸನ್, ಅದರ ಹಿಂದಿನ ವರ್ಷವೇ ಕೋಲ್ಡ್‌ಪ್ಲೇಯ ಮೊದಲ ಆಲ್ಬಂನಲ್ಲೂ ಕೆಲಸ ಮಾಡಿದವರು. ಅಂದರೆ ಸ್ಟೇಡಿಯಂ ತುಂಬಿಸುವ ಬ್ಯಾಂಡಿಗೆ ಸಿಕ್ಕಿದ ಕೈಗಳೇ ಇವರಿಗೂ ಸಿಕ್ಕಿದವು. ಆ ದಾರಿ ಇವರಿಗೂ ತೆರೆದಿತ್ತು. ಇವರು ಹೋಗಲಿಲ್ಲ, ಅಷ್ಟೇ.

2004ರಲ್ಲಿ ಎರಡನೆಯದ್ದು. ಅದರಲ್ಲಿ ಕೆನಡಾದ ಗಾಯಕಿ ಫೈಸ್ಟ್ ಎರಡು ಹಾಡಿಗೆ ದನಿಗೂಡಿಸಿದ್ದಾರೆ. ಮೂರನೆಯದ್ದು 2009ರಲ್ಲಿ. ನಿಮ್ಮ ಲೇಖಕರು ಅದನ್ನು ಒಂದೇ ಸಾಲಿನಲ್ಲಿ ದಾಟಿಸಿದ್ದಾರೆ. ನನಗೆ ಅವರ ಕೆಲಸದಲ್ಲೆಲ್ಲ ದೊಡ್ಡದು ಅದೇ. ಇಡೀ ಆಲ್ಬಂನಲ್ಲಿ ಒಂದು ಡ್ರಮ್ ಇಲ್ಲ, ತಾಳ ಹಿಡಿಯುವ ಬೇರೆ ವಾದ್ಯವೂ ಇಲ್ಲ. ಆದರೂ ಕಾಲು ತಾನಾಗಿ ತಟ್ಟುತ್ತದೆ. ಲಯ ಪೂರ್ತಿ ಗಿಟಾರಿನ ತಂತಿ ಮೀಟುವ ಬೆರಳಿನಲ್ಲೇ ಉಂಟು. ಗಮನ ಕೊಟ್ಟು ಕೇಳಿದರೆ, ತಂತಿಯ ಮೇಲೆ ಬೆರಳು ಜಾರುವ ಸರಕ್ ಎಂಬ ಸದ್ದೂ ಕೇಳುತ್ತದೆ. ಬೇರೆಯವರಾದರೆ ಅದನ್ನು ಅಳಿಸಿ ಹಾಕುತ್ತಿದ್ದರು.

ಅಲ್ಲಿಂದ ಮುಂದಿನ ಆಲ್ಬಂಗೆ 2021ರವರೆಗೆ ಕಾಯಬೇಕಾಯಿತು. 12 ವರ್ಷ. ನಿಮ್ಮ ಲೇಖಕರು "ಮಾಯವಾದರು" ಎಂದು ಬರೆದದ್ದು ಇದನ್ನೇ. ಮಾಯ ಆಗಿದ್ದೆಲ್ಲಿ? ಎರ್ಲೆಂಡ್ ಇಟಲಿಯ ಸಿಸಿಲಿ ದ್ವೀಪದ ಸಿರಾಕ್ಯೂಸ್‌ಗೆ ಮನೆ ಬದಲಾಯಿಸಿದ. ಇಟಾಲಿಯನ್ ಭಾಷೆಯಲ್ಲಿ ಹಾಡಿದ. ಐಸ್‌ಲ್ಯಾಂಡಿನ ರೆಗ್ಗೆ ಬ್ಯಾಂಡಿನ ಜೊತೆ ಸೇರಿ 2014ರಲ್ಲಿ ಒಂದು ಆಲ್ಬಂ ತಂದ. ಐರಿಕ್ ಬರ್ಗೆನ್ ಬಿಡಲಿಲ್ಲ. ಮನಶ್ಶಾಸ್ತ್ರ ಓದಿದವನು, ಮನೆ ಮಕ್ಕಳು ಅಂತ ಊರಿನಲ್ಲೇ ಉಳಿದ. ಒಬ್ಬ ಊರೂರು ಸುತ್ತುವವನು, ಇನ್ನೊಬ್ಬ ಜಗಲಿ ಬಿಟ್ಟು ಇಳಿಯದವನು. ಇಂಥ ಎರಡು ಜನ ಜಗಳಾಡಿ ದೂರವಾಗದೆ, ಬೇಕೆನಿಸಿದಾಗ ಕೂತು ಹಾಡಿ, ನಾಲ್ಕನೆಯ ಆಲ್ಬಂ ಕೂಡ ತಂದರಲ್ಲ, ಅದಕ್ಕೆ ಫೈಸ್ಟ್ ಕೂಡ ತಿರುಗಿ ಬಂದರಲ್ಲ, ಇದನ್ನು ಸೋಲು ಅನ್ನುವುದು ಹೇಗೆ? ವರ್ಷಕ್ಕೊಂದು ಆಲ್ಬಂ ತಂದು ಐದನೇ ವರ್ಷ ಕೋರ್ಟು ಮೆಟ್ಟಿಲು ಹತ್ತಿದ ಬ್ಯಾಂಡುಗಳು ಎಷ್ಟು ಬೇಕು?

ಮೆಲ್ಲಗೆ ಹಾಡುವುದು ಸುಲಭ, ಖರ್ಚಿಲ್ಲದ ಕೆಲಸ ಎಂದು ಬಹಳ ಜನ ತಿಳಿದಿದ್ದಾರೆ. ನನ್ನ ಕಸುಬಿನಲ್ಲಿ ಅದರಷ್ಟು ಕಷ್ಟದ್ದು ಬೇರೆ ಇಲ್ಲ. ಯಕ್ಷಗಾನದ ಭಾಗವತರಿಗೆ ಮೈಕ್ ಇಡುವುದು ಸಲೀಸು. ಅವರದ್ದು ತೆರೆದ ಕಂಠ. ಚೆಂಡೆಗಂತೂ ಮೈಕ್ ಬೇಕೆಂದೇ ಇಲ್ಲ, ಆದರೂ ಇಡದಿದ್ದರೆ ಬೇಸರ ಮಾಡುತ್ತಾರೆ. ದನಿ ದೊಡ್ಡದಿದ್ದರೆ ಮಿಕ್ಸರಿನಲ್ಲಿ ಗೇನ್, ಅಂದರೆ ಮೈಕಿನ ಸದ್ದನ್ನು ಹಿಗ್ಗಿಸುವುದು, ಕಮ್ಮಿ ಸಾಕು. ದನಿ ಸಣ್ಣದಾದರೆ ಗೇನ್ ಏರಿಸಬೇಕು. ಏರಿಸಿದ ಕೂಡಲೇ ಮೈಕ್ ಎಲ್ಲವನ್ನೂ ಕೇಳಿಸಿಕೊಳ್ಳಲು ಶುರು ಮಾಡುತ್ತದೆ. ಮೇಲಿನ ಫ್ಯಾನ್, ಹೊರಗಿನ ಜನರೇಟರ್, ಹಿಂದಿನ ಸಾಲಿನವರ ಮಾತು. ಕೊನೆಗೆ ಬಾಕ್ಸಿನಿಂದ ಬಂದ ಸದ್ದನ್ನೇ ಮೈಕ್ ಹಿಡಿದು ಪುನಃ ಬಾಕ್ಸಿಗೆ ಕೊಡುತ್ತದೆ. ಅದೇ ಕುಂಯ್ ಎಂದು ಕಿವಿ ಕೊರೆಯುವ ಹೌಲಿಂಗ್. ಅದಕ್ಕೆ ಮದ್ದು ಇಷ್ಟೇ: ಬಾಕ್ಸ್ ಮೈಕಿಗಿಂತ ಮುಂದೆ ಇರಬೇಕು, ಮೈಕ್ ಬಾಯಿಗೆ ಹತ್ತಿರ ಇರಬೇಕು, ಬೇಡದ ಮೈಕೆಲ್ಲ ಬಂದ್ ಆಗಬೇಕು. ಮತ್ತೆ ಉಳಿದದ್ದು ಸಭಿಕರ ಕೈಯಲ್ಲಿ. ಇಂಥ ಹಾಡನ್ನು ಇಟ್ಟುಕೊಂಡು ಈ ಇಬ್ಬರು ದೇಶ ದೇಶ ತಿರುಗಿ ಸಾವಿರಾರು ಜನರ ಮುಂದೆ ಹಾಡಿದ್ದಾರೆ. ಯಾರಿಗಾದರೂ ಅನುಮಾನ ಇದ್ದರೆ ನನ್ನ ಮಿಕ್ಸರಿನ ಹಿಂದೆ ಒಂದು ದಿನ ಬಂದು ನಿಲ್ಲಲಿ.

ಇದೆಲ್ಲ ಕಾಸರಗೋಡಿಗೆ ಯಾಕೆ ಅಂತ ಕೇಳಬಹುದು. ಕಳೆದ ಡಿಸೆಂಬರಿನಲ್ಲಿ ಬದಿಯಡ್ಕ ಕಡೆ ಒಂದು ಕನ್ನಡ ಕಾರ್ಯಕ್ರಮಕ್ಕೆ ನನ್ನದೇ ಮೈಕ್. ಕಾಲೇಜಿಗೆ ಹೋಗುವ ಅಣ್ಣ ತಂಗಿ, ಒಂದು ಗಿಟಾರ್, ತಾವೇ ಬರೆದ ಕನ್ನಡ ಹಾಡು. ಸಂಜೆ ಬಂದು ಸೌಂಡ್ ಚೆಕ್ ಮಾಡಿ ಹೋಗಿದ್ದರು. ಆ ಹುಡುಗಿ "ಮಾಮ, ಎಕೋ ಬೇಡ" ಅಂದಳು. ನಾನು ಮೈಕ್ ಸೆಟ್ ಶುರು ಮಾಡಿದ ಮೇಲೆ ಎಕೋ ಬೇಡ ಅಂದವರನ್ನು ಕಂಡದ್ದೇ ಅಪರೂಪ. ಆದರೆ ಅವರಿಗೆ ಸ್ಟೇಜ್ ಸಿಕ್ಕಿದ್ದು ಸನ್ಮಾನದ ಶಾಲು ಮಡಚಿ ಆಗಿ, ಊಟದ ಮೊದಲು, ಚಹಾ ಹಂಚುವ ಹೊತ್ತಿಗೆ. ಗ್ಲಾಸಿನ ಟಣಟಣ, ಕುರ್ಚಿ ಎಳೆಯುವ ಸದ್ದು. ಎರಡನೇ ಚರಣಕ್ಕೆ ಸಂಘಟಕರೊಬ್ಬರು ನನ್ನ ಹತ್ತಿರ ಓಡಿ ಬಂದರು. "ಸೌಂಡೇ ಬರ್ತಾ ಇಲ್ಲ ಮಾರಾಯ, ಜಾಸ್ತಿ ಕೊಡು." ಕೊಟ್ಟರೆ ಕೂಗುತ್ತದೆ ಅಂದೆ. ಕೇಳಲಿಲ್ಲ, ಅವರೇ ಕೈಹಾಕಿ, ಸದ್ದು ಏರಿಸುವ ಫೇಡರನ್ನು ಮೇಲೆ ತಳ್ಳಿದರು. ಕೂಗಿತು. ಸಭೆ ಇಡೀ ಕಿವಿ ಮುಚ್ಚಿತು. ಆ ಮೇಲೆ "ಒಂದು ಸಿನಿಮಾ ಹಾಡು ಹೇಳಿ, ಮಲಯಾಳಂ ಆದರೂ ಅಡ್ಡಿಯಿಲ್ಲ" ಎಂದು ಎದುರಿನ ಸಾಲಿನಿಂದ ಚೀಟಿ ಬಂತು. ಕನ್ನಡ ಉಳಿಸುವ ಬಗ್ಗೆ ಮುಕ್ಕಾಲು ಗಂಟೆ ಭಾಷಣ ಆದ ಸಭೆ ಅದು!

ನಾರ್ವೆ ದೊಡ್ಡ ದೇಶವೇನಲ್ಲ. ಜನ 55 ಲಕ್ಷದಷ್ಟು, ಹೆಚ್ಚುಕಮ್ಮಿ ಕೇರಳದ ಆರನೇ ಒಂದು ಪಾಲು. ಆದರೆ ಅಲ್ಲಿ ಪ್ರತಿಯೊಂದು ಪುರಸಭೆಯೂ ಮಕ್ಕಳಿಗೆ ಸಂಗೀತ ಮತ್ತು ಕಲೆಯ ಶಾಲೆ ನಡೆಸಲೇಬೇಕು ಎಂದು 1997ರಿಂದ ಕಾನೂನೇ ಉಂಟು. ಬರ್ಗೆನ್ ಒಂದರಿಂದಲೇ ಇವರಲ್ಲದೆ ಗಾಯಕ ಸೋಂದ್ರೆ ಲೆರ್ಕೆ, ಎಲೆಕ್ಟ್ರಾನಿಕ್ ಸಂಗೀತದ ಜೋಡಿ ರೊಯ್ಕ್‌ಸೊಪ್ ಎಲ್ಲ ಹೊರಗೆ ಬಂದರು. ರೊಯ್ಕ್‌ಸೊಪ್‌ನವರ 2001ರ ಆಲ್ಬಂನಲ್ಲಿ ಎರ್ಲೆಂಡ್ ದನಿಯೇ ಇದೆ. ಒಬ್ಬರಿಗೊಬ್ಬರು ಹಾಡಿಕೊಟ್ಟು ಬೆಳೆದವರು ಅವರು. ಕಿಂಗ್ಸ್ ಆಫ್ ಕನ್ವೀನಿಯನ್ಸ್ ಹಾಡುವುದು ಇಂಗ್ಲಿಷಿನಲ್ಲಿ, ನಾರ್ವೇಜಿಯನ್‌ನಲ್ಲಿ ಅಲ್ಲ. ಅದು ನನಗೆ ಸ್ವಲ್ಪ ಬೇಸರದ ವಿಷಯವೇ. ನಮ್ಮ ಮಕ್ಕಳು ಆ ವಿಷಯದಲ್ಲಿ ಅವರಿಗಿಂತ ಗಟ್ಟಿ. ಮನೆಯಲ್ಲಿ ತುಳು, ಪೇಟೆಯಲ್ಲಿ ಮಲಯಾಳಂ, ಆದರೂ ಬರೆಯುವುದು ಕನ್ನಡದಲ್ಲಿ.

ಕೇಳಿಸಿಕೊಳ್ಳುವ ಅಭ್ಯಾಸ ನಮಗೆ ಇಲ್ಲ ಎಂದು ಮಾತ್ರ ಯಾರೂ ಹೇಳಬೇಡಿ. ತಾಳಮದ್ದಳೆಗೆ ಬನ್ನಿ. ವೇಷ ಇಲ್ಲ, ಕುಣಿತ ಇಲ್ಲ, ನಾಲ್ಕು ಜನ ಕೂತು ಮಾತಾಡುತ್ತಾರೆ. ಒಂದು ಒಳ್ಳೆಯ ಅರ್ಥ ಬಂದಾಗ ಮುನ್ನೂರು ಜನ ಉಸಿರು ಹಿಡಿದು ಕೂತದ್ದನ್ನು ನಾನು ಮಿಕ್ಸರಿನ ಹಿಂದಿನಿಂದ ಎಷ್ಟೋ ಸಲ ನೋಡಿದ್ದೇನೆ. ಯಕ್ಷಗಾನ ಪ್ರಸಂಗ ಬರೆದ ಪಾರ್ತಿಸುಬ್ಬನ ಊರಿನವರು ನಾವು. ಕಿವಿ ಇದೆ. ಆ ಕಿವಿಯನ್ನು ಗಿಟಾರ್ ಹಿಡಿದ ಮಕ್ಕಳಿಗೂ ಅರ್ಧ ಗಂಟೆ ಕೊಟ್ಟರೆ ಏನು ಗಂಟು ಹೋಗುತ್ತದೆ?

ಪುರವಣಿಗೆ ನನ್ನ ವಿನಂತಿ ಒಂದೇ. ಮುಂದಿನ ಸಲ ಇಂಥವರ ಬಗ್ಗೆ ಬರೆಸುವಾಗ ಎಷ್ಟು ಆಲ್ಬಂ, ಎಷ್ಟು ವ್ಯೂಸ್ ಎಂದು ಲೆಕ್ಕ ಹಾಕುವ ಮೊದಲು ಹಾಡು ಕೇಳಿಯಾದರೂ ಬರೆಯಲು ಹೇಳಿ. ಇಯರ್‌ಫೋನಿನಲ್ಲಿ, ಪೂರ್ತಿ.

ಸಂಘಟಕರಿಗೆ ನನ್ನದೊಂದು ಆಫರ್. ಈ ಪತ್ತನಾಜೆ ಕಳೆದ ಮೇಲೆ ಬರೀ ಇಂಥ ಹಾಡಿಗೆಂದೇ ಯಾರಾದರೂ ಒಂದು ಸಂಜೆ ಇಟ್ಟುಕೊಂಡರೆ ನನ್ನ ಮೈಕ್ ಸೆಟ್ ಪುಕ್ಕಟೆ. ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಎಲ್ಲಿಗೆ ಬೇಕಾದರೂ ತರುತ್ತೇನೆ, ಆಟೋದ ಖರ್ಚು ಕೊಟ್ಟರೆ ಸಾಕು. ಚಿಕ್ಕ ಹಾಲ್ ಆಗಬೇಕು, ಜನರೇಟರ್ ಹಿತ್ತಿಲಿನಾಚೆ ಇರಬೇಕು, ಫೇಡರಿಗೆ ನನ್ನ ಕೈ ಮಾತ್ರ. ಚಹಾ ಹಾಡು ಮುಗಿದ ಮೇಲೆ.

ಇತಿ,
ಒಬ್ಬ ಮೈಕ್ ಸೆಟ್ಟಿನವ
ಕುಂಬಳೆ, ಕಾಸರಗೋಡು ಜಿಲ್ಲೆ