ಹಳದಿ ಚಿನ್ನಕ್ಕೆ ‘ಡಿ’ ವಜ್ರವೇ ಯಾಕೆ?

ಮಾನ್ಯ ಸಂಪಾದಕರೇ,

ಹೋದ ತಿಂಗಳು ಮಗಳ ಉಂಗುರಕ್ಕೆ ವಜ್ರ ನೋಡಲು ಹೋಗಿದ್ದೆ. ಉಂಗುರ ಹಳದಿ ಚಿನ್ನದ್ದು. ಅಂಗಡಿಯವರು ‘ಡಿ’ ಬಣ್ಣ (ಬಣ್ಣವೇ ಇಲ್ಲದ ಕಲ್ಲು), ‘ವಿವಿಎಸ್’ ಸ್ವಚ್ಛತೆ (ಮಸೂರದಲ್ಲೂ ಕಾಣಲು ಕಷ್ಟವಾದಷ್ಟು ಸಣ್ಣ ಕಲೆ) ಬಿಟ್ಟು ಬೇರೆ ಮಾತೇ ಆಡಲಿಲ್ಲ. ‘ಜೆ’ ಕೇಳಿದರೆ, “ಅದು ಹಳದಿ ಸಾರ್, ಬೇಡ” ಎಂದರು. ಕೂರಿಸುವುದೇ ಹಳದಿ ಚಿನ್ನದಲ್ಲಿ, ಅಲ್ವಾ?

ವಜ್ರಕ್ಕೆ ದರ್ಜೆ ಕೊಡುವ ಅಮೆರಿಕದ ಸಂಸ್ಥೆ ಜಿಐಎಯ ಪಟ್ಟಿಯಲ್ಲಿ ಬಣ್ಣ ‘ಡಿ’ಯಿಂದ ತಿಳಿ ಹಳದಿಯ ‘ಝಡ್’ವರೆಗೆ ಇಳಿಯುತ್ತದೆ. ಪರೀಕ್ಷಕರು ಕಲ್ಲನ್ನು ಬೋರಲು ಹಾಕಿ ಬಣ್ಣ ಅಳೆಯುತ್ತಾರೆ. ನಾವು ನೋಡುವುದು ಮೇಲಿನಿಂದ, ಹೊಳಪಿನ ನಡುವೆ. ನಾನು ಹಟ ಹಿಡಿದು ‘ಜಿ’, ‘ಜೆ’ ಎರಡನ್ನೂ ನನ್ನ ಹಳೇ ಉಂಗುರದ ಮೇಲಿಟ್ಟು ಕಿಟಕಿ ಬಳಿ ನೋಡಿದೆ. ವ್ಯತ್ಯಾಸ ಗೊತ್ತಾಗಲಿಲ್ಲ. ಬಿಳಿ ಕಾಗದದ ಮಡಿಕೆಯಲ್ಲಿ ಬೋರಲು ಹಾಕಿದಾಗ ಮಾತ್ರ ‘ಜೆ’ ತುಸು ಹಳದಿ ಕಂಡಿತು. ಪ್ಲಾಟಿನಂ ಆಗಿದ್ದರೆ ನಾನೂ ‘ಜಿ’ ಎನ್ನುತ್ತಿದ್ದೆ.

ಸ್ವಚ್ಛತೆಯ ದರ್ಜೆ ಕೊಡುವುದು 10 ಪಟ್ಟು ದೊಡ್ಡದಾಗಿ ತೋರಿಸುವ ಮಸೂರದಲ್ಲಿ. ಬೆರಳನ್ನು ಯಾರು ಮಸೂರ ಹಿಡಿದು ನೋಡುತ್ತಾರೆ? ನಾವು ಕೊನೆಗೆ ತಂದದ್ದು ಸ್ವಚ್ಛತೆಯಲ್ಲಿ ‘ವಿವಿಎಸ್’ಗಿಂತ ಕೆಳಗಿನ ದರ್ಜೆಯಾದ ‘ಎಸ್‌ಐ1’ ದುಂಡು ಕಲ್ಲು. ಅದರ ಕಪ್ಪು ಚುಕ್ಕೆ ಅಂಚಿನಲ್ಲಿತ್ತು, ಈಗ ಕಲ್ಲನ್ನು ಹಿಡಿದಿಡುವ ಚಿನ್ನದ ಕೊಕ್ಕೆಯ ಕೆಳಗೆ ಅಡಗಿದೆ. ನಡುವಿನಲ್ಲಿದ್ದರೆ ಬಿಟ್ಟು ಬರುತ್ತಿದ್ದೆ. ಮೆಟ್ಟಿಲು ಮೆಟ್ಟಿಲಾಗಿ ಕೊರೆದ ಎಮರಾಲ್ಡ್ ಕಟ್ ಆದರೆ ಮಾತು ಬೇರೆ, ಅದು ಕಿಟಕಿ ಗಾಜಿನ ಹಾಗೆ ಒಳಗಿನದೆಲ್ಲ ತೋರಿಸುತ್ತದೆ.

ಉಳಿದ ಹಣವನ್ನು ಹೊಳಪು ತರುವ ಕೊರೆತಕ್ಕೆ, ಅಂದರೆ ಒಳ್ಳೆಯ ಕಟ್‌ಗೆ ಹಾಕಿದೆವು. ಮಾರುವವರು ಸುಮ್ನೆ ದೊಡ್ಡ ದರ್ಜೆ ಹೇಳುವ ಬದಲು, ಕಲ್ಲನ್ನು ಚಿನ್ನದ ಮೇಲಿಟ್ಟು ತೋರಿಸಲಿ.

ಇಂತಿ,
ನಿಮ್ಮ ಹಳೆಯ ಓದುಗ