ಫ್ಲೂ ಲಸಿಕೆ: ನಮ್ಮ ಆಸ್ಪತ್ರೆಯವರಿಗೇ ಬೇಡವಾ?

ಸಂಪಾದಕರಿಗೆ ನಮಸ್ಕಾರ.

ಮಳೆ ಹಿಡಿದರೆ ಸಾಕು, ಜ್ವರ ಕೆಮ್ಮಿನವರಿಂದ ನಮ್ಮ ವಾರ್ಡ್ ತುಂಬುತ್ತದೆ, ನಾವೂ ಕೆಮ್ಮುತ್ತಲೇ ಡ್ಯೂಟಿ ಮಾಡುತ್ತಿರುತ್ತೇವೆ. ಫ್ಲೂ ಲಸಿಕೆ ಹಾಕಿಸಿಕೊಂಡ್ರಾ ಅಂತ ಯಾರನ್ನಾದರೂ ಕೇಳಿ ನೋಡಿ. 'ದಿನಾ ರೋಗಿಗಳ ಮಧ್ಯೆ ಇರೋರು ನಾವು, ನಮಗೇನಾಗುತ್ತೆ', 'ಕೋವಿಡ್‌ಗೆ ಚುಚ್ಚಿಸಿಕೊಂಡಿದ್ದೇ ಸಾಕು', 'ಹೋದ ಸಲ ಹಾಕಿಸಿಕೊಂಡ ಮೇಲೇ ಜ್ವರ ಬಂದಿದ್ದು'. ಹೀಗೆ ಹೇಳುವವರಲ್ಲಿ ಡಾಕ್ಟರುಗಳೂ ಇದ್ದಾರೆ, ಸುಮ್ನೆ ನಮ್ಮನ್ನೇ ಬೈಯಬೇಡಿ.

ಈ ಚುಚ್ಚುಮದ್ದಿನಲ್ಲಿ ಇರುವುದು ಜೀವವಿಲ್ಲದ ವೈರಸ್. ಅದರಿಂದ ಫ್ಲೂ ಬರುವುದಿಲ್ಲ. ತೋಳು ನೋಯುತ್ತದೆ, ಕೆಲವರಿಗೆ ಒಂದೆರಡು ದಿನ ಮೈ ಬೆಚ್ಚಗಾಗುತ್ತದೆ ಅಷ್ಟೇ. ರಕ್ಷಣೆ ಸಿಗಲು ಎರಡು ವಾರ ಬೇಕು, ಅಷ್ಟರೊಳಗೆ ವಾರ್ಡಿನಲ್ಲೇ ಅಂಟಿಸಿಕೊಂಡವರು ಲಸಿಕೆಗೆ ಶಾಪ ಹಾಕುತ್ತಾರೆ. ನೂರಕ್ಕೆ ನೂರು ತಡೆಯುವುದಿಲ್ಲ ಅನ್ನುವುದೂ ನಿಜ. ಆ ವರ್ಷ ಹರಡುವ ವೈರಸ್‌ಗೆ ಲಸಿಕೆ ಚೆನ್ನಾಗಿ ಹೊಂದಿದರೂ ರಕ್ಷಣೆ ಶೇ 40ರಿಂದ 60. ವೈರಸ್ ರೂಪ ಬದಲಿಸುತ್ತಲೇ ಇರುವುದರಿಂದ ಪ್ರತಿ ವರ್ಷ ಹಾಕಿಸಿಕೊಳ್ಳಬೇಕು. ಆದರೆ ನಮಗೆ ಜ್ವರ ಕಾಣಿಸುವ ಹಿಂದಿನ ದಿನವೇ ನಾವು ಅದನ್ನು ಹಂಚಲು ಶುರು ಮಾಡಿರುತ್ತೇವೆ, ಅದೂ ಡಯಾಲಿಸಿಸ್‌ಗೆ ಬಂದವರಿಗೆ, ಬಸುರಿಯರಿಗೆ, ಉಸಿರಾಟಕ್ಕೇ ಕಷ್ಟಪಡುವ ಅಜ್ಜ ಅಜ್ಜಿಯರಿಗೆ. 2023ರ ಮಾರ್ಚ್‌ನಲ್ಲಿ ನಮ್ಮದೇ ಜಿಲ್ಲೆಯ ಆಲೂರು ತಾಲ್ಲೂಕಿನ 82 ವರ್ಷದ ಹಿರಿಯರು ಎಚ್3ಎನ್2 ಫ್ಲೂನಿಂದ ತೀರಿಕೊಂಡಾಗ ರಾಜ್ಯವೇ ಬೆಚ್ಚಿತ್ತು. ಆರೋಗ್ಯ ಸಿಬ್ಬಂದಿ ಲಸಿಕೆ ಹಾಕಿಸಿಕೊಳ್ಳಬೇಕು ಅಂತ ಆಗ ಸರ್ಕಾರವೂ ಹೇಳಿತು. ಸುದ್ದಿ ತಣ್ಣಗಾದ ಮೇಲೆ ಆ ಮಾತೂ ತಣ್ಣಗಾಯಿತು.

ಹಾಗಂತ ತಪ್ಪೆಲ್ಲ ಸಿಬ್ಬಂದಿಯದೇ ಅಂದರೆ ನಾನು ಒಪ್ಪಲ್ಲ. ಮಕ್ಕಳಿಗೆ ಸರ್ಕಾರ ಪುಕ್ಕಟೆ ಹಾಕುವ ಲಸಿಕೆಗಳ ಪಟ್ಟಿಯಲ್ಲಿ ಇದಿಲ್ಲ, ಹೊರಗೆ ಕೊಂಡರೆ ಒಂದು ಡೋಸ್‌ಗೆ ಸಾವಿರಕ್ಕಿಂತ ಜಾಸ್ತಿ. ಹೊರಗುತ್ತಿಗೆಯ ಆಯಾಗೆ ಅದು ಮನೆ ರೇಷನ್ ದುಡ್ಡು. ನಾನು ಹಿಂದೆ ಇದ್ದ ಆಸ್ಪತ್ರೆಯಲ್ಲಿ ಒಂದಷ್ಟು ಡೋಸ್ ಬಂದಾಗ ಕಾಯಂ ನೌಕರರ ಪಟ್ಟಿ ಹಿಡಿದು ಕೊಟ್ಟರು. ರೋಗಿ ಕಫ ಉಗಿದ ಬೇಸಿನ್ ತೊಳೆಯುವ, ಹಾಸಿಗೆ ಬಟ್ಟೆ ಬದಲಿಸುವ, ವೀಲ್‌ಚೇರ್ ತಳ್ಳುವ ಡಿ ಗ್ರೂಪ್‌ನವರು ಆ ಪಟ್ಟಿಯಲ್ಲೇ ಇರಲಿಲ್ಲ! ಜ್ವರ ಅಂತ ಮನೆಯಲ್ಲಿ ಉಳಿದರೆ ಅವರಿಗೆ ಆ ದಿನದ ಸಂಬಳ ಕಟ್. ಹಾಗಾಗಿ ಒಂದು ಡೋಲೋ ನುಂಗಿ, ಮಾಸ್ಕನ್ನು ಗಲ್ಲಕ್ಕಿಳಿಸಿಕೊಂಡು ಕೆಲಸಕ್ಕೆ ಬಂದೇ ಬರುತ್ತಾರೆ. ಅವರಿಗೆ ಜಾಗೃತಿ ಪೋಸ್ಟರ್ ತೋರಿಸಿ ಏನು ಪ್ರಯೋಜನ, ಹೇಳಿ?

ಜೂನ್‌ಗೆ ಮುಂಚೆ, ಶಿಫ್ಟ್ ಬದಲಾಗುವ ಹೊತ್ತಿಗೆ, ಲಸಿಕೆ ಡಬ್ಬಿಯನ್ನೇ ವಾರ್ಡಿಗೆ ತನ್ನಿ. ಗುತ್ತಿಗೆ, ಕಾಯಂ ಅಂತ ನೋಡದೆ ಎಲ್ಲರಿಗೂ ಪುಕ್ಕಟೆ ಹಾಕಿ. ಜ್ವರ ಬಂದವರಿಗೆ ಸಂಬಳ ಹಿಡಿಯದೆ ರಜೆ ಕೊಡಿ. ಇಷ್ಟು ಮಾಡಿಯೂ ಬೇಡ ಅನ್ನುವವರು ಎಷ್ಟು ಜನ ಉಳಿಯುತ್ತಾರೆ ಅಂತ ಆಮೇಲೆ ಲೆಕ್ಕ ಹಾಕೋಣ.

– ಒಬ್ಬ ಸ್ಟಾಫ್ ನರ್ಸ್, ಹಾಸನ